'ಹಿಸ್ ಗರ್ಲ್ ಫ್ರೈಡೇ' ಹೊಸ ಬ್ಲೂರೇ ನಿಧಾನವಾಗಿ ಓಡ್ತಿದೆ: ಪ್ಲೇಯರ್ ಕೆಟ್ಟಿದೆಯೋ, ಡಿಸ್ಕೋ?

ಅಡಿಕೆತೋಟ:
ನಮಸ್ಕಾರ. 1940ರ ಹೊವರ್ಡ್ ಹಾಕ್ಸ್ ಚಿತ್ರ ಇದು. ಬಾಯಿಪಾಠ ಅನ್ನುವಷ್ಟು ಸಲ ನೋಡಿದ್ದೇನೆ. ಅಷ್ಟೂ ಸಲ ಒಂದೇ ಹಳೆಯ ಡಿವಿಡಿಯಲ್ಲಿ. ಕಳೆದ ತಿಂಗಳು ಮಗಳು ನ್ಯೂಜೆರ್ಸಿಯಿಂದ ಬರುವಾಗ ಹಳೆಯ ಚಿತ್ರಗಳ ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿಯವರ ಬ್ಲೂರೇ ತಂದುಕೊಟ್ಟಳು, ಹಳೆಯ ಫಿಲ್ಮನ್ನು ರೆಸ್ಟೋರ್ ಮಾಡಿದ್ದು, ಅಂದರೆ ಸರಿಪಡಿಸಿದ್ದು. ಮನೆಯಲ್ಲಿದ್ದ ಪ್ಲೇಯರ್ 'ರೀಜನ್ ಬೇರೆ' ಅಂತ ಡಿಸ್ಕನ್ನು ಹೊರಗೆ ಹಾಕಿತು. ಅಮೆರಿಕ 'ಎ' ಅಂತೆ, ನಮ್ಮದು 'ಸಿ' ಅಂತೆ. ಸರಿ, ಎಲ್ಲ ರೀಜನ್ ಓದುವ ಪ್ಲೇಯರ್ ತರಿಸಿದೆ. ಆ ಖರ್ಚಿನ ಲೆಕ್ಕ ಮನೆಯವಳಿಗೆ ಇನ್ನೂ ಹೇಳಿಲ್ಲ.

ಈಗ ಡಿಸ್ಕ್ ಓಡುತ್ತದೆ, ಆದರೆ ಮಂದ. ನಾಯಕ ಕ್ಯಾರಿ ಗ್ರ್ಯಾಂಟ್ ನೆಗಡಿಯಾದವನ ಹಾಗೆ ದಪ್ಪ ದನಿಯಲ್ಲಿ ಮಾತಾಡ್ತಾನೆ. ಹಳೆಯ ಡಿಸ್ಕ್ 88 ನಿಮಿಷಕ್ಕೆ ಮುಗಿಯುತ್ತಿತ್ತು, ಇದು 92. ಮೇಲಿಂದ ಪರದೆಯ ಎಡಬಲಕ್ಕೆ ಕಪ್ಪು ಪಟ್ಟಿ. ಚಿತ್ರದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಏನೋ ಹರಿದಾಡುತ್ತೆ. ಕೇಬಲ್ ಬದಲಿಸಿದೆ, ಪ್ಲೇಯರಿನ ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆ. ಏನೂ ಬದಲಾಗಲಿಲ್ಲ. ಅಂಗಡಿಯವನು 'ವಾಪಸ್ ತಗೋತೀನಿ, ಆದ್ರೆ ಶನಿವಾರದೊಳಗೆ ತನ್ನಿ' ಅಂದಿದ್ದಾನೆ. ದಯವಿಟ್ಟು ಬೇಗ ಹೇಳಿ.

ಬೆಳ್ಳಿಪರದೆ_88:
ಸರ್, ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನೂ ಇಲ್ಲ. ರೆಸ್ಟೋರ್ ಮಾಡುವಾಗ ಹಿಂದೆ ಕತ್ತರಿಸಿದ್ದ ದೃಶ್ಯ ಸೇರಿಸಿರ್ತಾರೆ. 4 ನಿಮಿಷ ಜಾಸ್ತಿಯಾಗಿದ್ದು ಅದಕ್ಕೇ. ರವೆಗೆ ಟಿವಿಯಲ್ಲಿ ನಾಯ್ಸ್ ರಿಡಕ್ಷನ್ 'ಹೈ' ಇಡಿ. ಪಟ್ಟಿಗೆ 'ವೈಡ್' ಒತ್ತಿ.

ಅಡಿಕೆತೋಟ:
ನೀವು ಹೇಳಿದ್ದೆಲ್ಲ ಮಾಡಿದೆ. ನಾಯಕಿ ರೋಸಲಿಂಡ್ ರಸೆಲ್ ಮುಖ ಮೇಣದ ಗೊಂಬೆಯ ಹಾಗಾಯ್ತು. ಶುರುವಿನಲ್ಲಿ ಆಕೆ ಹಾಕಿಕೊಂಡು ಬರುವ ಪಟ್ಟೆ ಕೋಟಿನ ಪಟ್ಟೆಗಳೇ ಕಲಸಿಹೋದವು. 'ವೈಡ್' ಒತ್ತಿದರೆ ಗ್ರ್ಯಾಂಟ್‌ಗೆ ಗದ್ದಕಟ್ಟು ಬಂದಂತೆ ಕಾಣ್ತಾನೆ. ದೃಶ್ಯ ಮಾತ್ರ ಒಂದೂ ಹೊಸದಿಲ್ಲ ಮಾರಾಯ್ರೆ, ಪೂರ್ತಿ ಕೂತು ನೋಡಿದ್ದೇನೆ.

ರೀಲುಡಬ್ಬಿ:
ಅಡಿಕೆತೋಟ ಅವರೇ, ಶನಿವಾರದ ಮಾತು ಹಾಗಿರಲಿ, ಪ್ಲೇಯರ್ ಕಟ್ಟಿಡಬೇಡಿ. ಹೊಸ ಡಿಸ್ಕಿಗಿಂತ ನನಗೆ ಹಳೆಯದರ ಮೇಲೇ ಅನುಮಾನ. ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿ ವಿಎಲ್‌ಸಿಯಲ್ಲಿ ಓಡಿಸಿ. ಟೂಲ್ಸ್ ಮೆನುವಿನಲ್ಲಿ 'ಕೋಡೆಕ್ ಇನ್‌ಫರ್ಮೇಶನ್' ಇದೆ. ಅಲ್ಲಿ ರೆಸಲ್ಯೂಶನ್ ಎಷ್ಟು, ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬಿಡಿ ಚಿತ್ರ ಎಷ್ಟು ಅಂತ ನೋಡಿ ಬರೆಯಿರಿ.

ಅಡಿಕೆತೋಟ:
720×576. ಫ್ರೇಮ್ ರೇಟ್ 25.

ರೀಲುಡಬ್ಬಿ:
ಹಾಗಾದರೆ ಸಿಕ್ಕಿತು. ನಿಮ್ಮ ಪ್ಲೇಯರ್ ಚೆನ್ನಾಗಿದೆ, ಬ್ಲೂರೇಯೂ ಚೆನ್ನಾಗಿದೆ. ಇಷ್ಟು ವರ್ಷ ನೀವು ನೋಡಿದ್ದೇ ವೇಗ ಹೆಚ್ಚಿಸಿ ಓಡಿಸಿದ ಚಿತ್ರ.

ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಫ್ರೇಮಿನಲ್ಲಿ. ನಮ್ಮ ದೇಶದ, ಯುರೋಪಿನ ಬಹುಪಾಲು ದೇಶಗಳ ಹಳೆಯ ಟಿವಿ ಪದ್ಧತಿ ಪಾಲ್, ಅದು ಸೆಕೆಂಡಿಗೆ 25. ನಿಮ್ಮ ಡಿವಿಡಿ ಆ ಪದ್ಧತಿಯದು. ಪಾಲ್ ಡಿಸ್ಕ್ ಮಾಡುವವರು ಸಾಮಾನ್ಯವಾಗಿ ಇನ್ನೊಂದು ಫ್ರೇಮ್ ಹುಡುಕುವ ಗೋಜಿಗೆ ಹೋಗುತ್ತಿರಲಿಲ್ಲ. ಇಡೀ ಚಿತ್ರವನ್ನೇ 25ರ ವೇಗದಲ್ಲಿ ಓಡಿಸಿಬಿಡುತ್ತಿದ್ದರು. ಅಂದರೆ ನೂರಕ್ಕೆ ನಾಲ್ಕು ಪಾಲು ಚುರುಕು. 92ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ: 88 ನಿಮಿಷ ಚಿಲ್ಲರೆ. ನಿಮ್ಮ 4 ನಿಮಿಷ ಹೋದದ್ದು ಹೀಗೆ. ಒಂದು ಫ್ರೇಮನ್ನೂ ಯಾರೂ ಕತ್ತರಿಸಿಲ್ಲ.

ಬೇರೆ ಚಿತ್ರವಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲವೇನೋ. ಇದು ಮೊದಲೇ ಉಸಿರು ಬಿಡದೆ ಮಾತಾಡುವ ಚಿತ್ರ. ಅದರ ಮೇಲೆ ಇನ್ನೊಂದು ನಾಲ್ಕು ಪಾಲು ವೇಗ ಸೇರಿದರೆ ನಿಮ್ಮ ಕಿವಿಗೆ ಅದೇ ಸರಿ ಅನ್ನಿಸಿಬಿಟ್ಟಿದೆ. ಈಗ ನಿಜವಾದ ವೇಗ ಕೇಳಿದರೆ ಎಳೆದ ಹಾಗೆ ಅನ್ನಿಸುತ್ತಿದೆ. ದನಿ ದಪ್ಪವಾಗಿಲ್ಲ. ಹಳೆಯದರಲ್ಲಿ ತೆಳ್ಳಗಾಗಿತ್ತು.

ಅಡಿಕೆತೋಟ:
ಅಲ್ಲ ಸ್ವಾಮಿ, ಇಷ್ಟು ವರ್ಷ ನಾನು ಕೇಳಿದ್ದು ಗ್ರ್ಯಾಂಟ್ ದನಿಯೇ ಅಲ್ಲವಾ? ನನಗೆ ಪೂರ್ತಿ ನಂಬಿಕೆ ಬರ್ತಿಲ್ಲ.

ಮಾಯಾಮಾಳವ:
ನಾನು ಸಿನಿಮಾದವಳಲ್ಲ, ಸಂಗೀತ ಹೇಳಿಕೊಡುವವಳು. ಒಂದು ಪರೀಕ್ಷೆ ಹೇಳ್ತೀನಿ. ಎರಡೂ ಡಿಸ್ಕಿನಲ್ಲಿ ಶುರುವಿನ ಟೈಟಲ್ ಸಂಗೀತ ಇರುತ್ತಲ್ಲ, ಒಂದೇ ಜಾಗದಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳಿ, ಮೊಬೈಲಿನ ಶ್ರುತಿಪೆಟ್ಟಿಗೆಯಲ್ಲಿ ಸ್ವರ ಹಿಡಿಯಿರಿ. ನಾಲ್ಕು ಪಾಲು ವೇಗ ಹೆಚ್ಚಿದರೆ ಶ್ರುತಿ ಅರ್ಧ ಮನೆಗೆ (ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರ) ಕೊಂಚ ಕಡಿಮೆ ಏರಬೇಕು, ಅರ್ಧ ಮನೆಯ ಮುಕ್ಕಾಲು ಪಾಲು ಅನ್ನಿ. ಹಾಡುವವರು ಯಾರಾದರೂ ಮನೆಯಲ್ಲಿದ್ದರೆ ತಕ್ಷಣ ಹೇಳ್ತಾರೆ.

ರೀಲುಡಬ್ಬಿ:
ಒಳ್ಳೆಯ ಉಪಾಯ ಮೇಡಂ. ಕೆಲವು ಪಾಲ್ ಡಿಸ್ಕುಗಳಲ್ಲಿ ಶ್ರುತಿಯನ್ನು ಮತ್ತೆ ಇಳಿಸಿರುತ್ತಾರೆ. ಇವರ ಡಿಸ್ಕಿನಲ್ಲಿ ಇಳಿಸಿದ ಹಾಗಿಲ್ಲ.

ಉಳಿದ ದೂರುಗಳನ್ನೂ ಮುಗಿಸಿಬಿಡ್ತೀನಿ. ಕಪ್ಪು ಪಟ್ಟಿ ಇರಬೇಕಾದದ್ದೇ. ಆ ಕಾಲದ ಚೌಕಟ್ಟು 1.37:1. ಅಗಲ ಟಿವಿಯ 1920 ಪಿಕ್ಸೆಲ್‌ನಲ್ಲಿ ಚಿತ್ರ ಹಿಡಿಯುವುದು ಸುಮಾರು 1480, ಎರಡೂ ಬದಿಗೆ 220ರಂತೆ ಖಾಲಿ. ಅದನ್ನು ಮುಟ್ಟಬೇಡಿ.

ರವೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಕೊಳೆಯಲ್ಲ, ಫಿಲ್ಮಿನ ಬೆಳ್ಳಿ ಕಣ. ಚಿತ್ರ ಮೂಡಿರುವುದೇ ಆ ಕಣಗಳಲ್ಲಿ. ಹಾಗಾದರೆ ಹಳೆಯ ಡಿಸ್ಕಿನಲ್ಲಿ ಯಾಕೆ ಕಾಣಲಿಲ್ಲ? ಈ ಚಿತ್ರದ ಕಾಪಿರೈಟನ್ನು 28 ವರ್ಷ ತುಂಬಿದಾಗ ನವೀಕರಿಸಲಿಲ್ಲ, ಅಮೆರಿಕದಲ್ಲಿ ಅದು ಸಾರ್ವಜನಿಕ ಸ್ವತ್ತಾಗಿಬಿಟ್ಟಿತು. ಕೈಗೆ ಸಿಕ್ಕ ಪ್ರಿಂಟಿನಿಂದ ಯಾರು ಬೇಕಾದರೂ ಡಿಸ್ಕ್ ಮಾಡಿದರು. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಹಾಗೆ ಕಾಪಿಯಾಗುತ್ತಾ ಕಣದ ಜೊತೆಗೆ ಕೋಟಿನ ನೇಯ್ಗೆಯೂ ಕಣ್ಣಿನ ಹೊಳಪೂ ಹೋಯಿತು. ನೀವು ನುಣುಪು ಅಂದುಕೊಂಡದ್ದು ಮಸುಕು.

ಆದರೂ ಕಣ 'ಹರಿದಾಡುತ್ತೆ' ಅಂದಿರಲ್ಲ, ಅದರಲ್ಲಿ ಟಿವಿಯ ಪಾಲೂ ಇರಬಹುದು. ಶಾರ್ಪ್‌ನೆಸ್ ತೀರಾ ಮೇಲಿದ್ದರೆ ಪ್ರತಿ ಕಣಕ್ಕೂ ಅಂಚು ಕಟ್ಟುತ್ತದೆ, ಅದನ್ನು ಇಳಿಸಿ. ನಾಯ್ಸ್ ರಿಡಕ್ಷನ್ ಆಫ್. ಚಲನೆ ನುಣುಪು ಮಾಡುವ ಸೆಟ್ಟಿಂಗಿಗೆ ಕಂಪನಿಗೊಂದು ಹೆಸರು, ಮೆನುವಿನಲ್ಲಿ 'ಮೋಷನ್' ಅಂತ ಎಲ್ಲಿ ಕಂಡರೂ ಆಫ್ ಮಾಡಿ. ನಿಮ್ಮ ಟಿವಿಯಲ್ಲಿ 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಒಂದೇ ಒತ್ತಿಗೆ ಇದೆಲ್ಲ ಆಗುತ್ತದೆ. ಪ್ಲೇಯರಿನಲ್ಲಿ '24ಪಿ ಔಟ್‌ಪುಟ್' ಆನ್ ಇರಲಿ, ಚಿತ್ರ ಅದರ 24 ಫ್ರೇಮಿನಲ್ಲೇ ಟಿವಿಗೆ ಹೋಗಲಿ.

ಸೌಂಡ್‌ಬಾರ್ ಇದೆಯಾ? ಇದ್ದರೆ 'ಸರೌಂಡ್' ತೆಗೆದುಬಿಡಿ. ಮೂಲ ಧ್ವನಿ ಮೋನೋ, ಎಲ್ಲ ಸದ್ದೂ ಒಂದೇ ಚಾನೆಲ್ಲಿನಲ್ಲಿ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡಲಿ ಅಂತಲೇ ಹಾಕ್ಸ್ ಸಾಲಿನ ಹಿಂದೆ ಮುಂದೆ, ಕೇಳಿಸದಿದ್ದರೂ ನಷ್ಟವಿಲ್ಲದ ಮಾತು ಸೇರಿಸಿ ಬರೆಸುತ್ತಿದ್ದ. ಅಷ್ಟು ಲೆಕ್ಕ ಹಾಕಿ ಹೆಣೆದದ್ದನ್ನು ಸರೌಂಡ್ ನಾಲ್ಕು ದಿಕ್ಕಿಗೆ ಎರಚಿದರೆ ಸಂತೆ ಗದ್ದಲ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಬೆಳ್ಳಿಪರದೆ_88:
ತಪ್ಪಾಯ್ತು ಗುರುಗಳೇ. ಆದ್ರೆ ಬೇರೆ ಬೇರೆ ಕಾಪಿ ಇರ್ತವೆ ಅಂತ ಎಲ್ಲೋ ಓದಿದ್ದೆ, ಸುಮ್ನೆ ಹೇಳಿದ್ದಲ್ಲ.

ರೀಲುಡಬ್ಬಿ:
ನೀವು ಓದಿದ್ದು ಸುಳ್ಳಲ್ಲ, ಚಿತ್ರ ಮಾತ್ರ ಬೇರೆ. ಇವರ ಕ್ರೈಟೀರಿಯನ್ ಬ್ಲೂರೇ ಸೆಟ್ಟಿನಲ್ಲೇ 'ದಿ ಫ್ರಂಟ್ ಪೇಜ್' ಅನ್ನುವ ಚಿತ್ರವೂ ಇದೆ, ಲೂಯಿಸ್ ಮೈಲ್‌ಸ್ಟೋನ್ 1931ರಲ್ಲಿ ಮಾಡಿದ್ದು. ಎರಡಕ್ಕೂ ಮೂಲ ಹೆಕ್ಟ್ ಮತ್ತು ಮೆಕಾರ್ಥರ್ ಬರೆದ 1928ರ ನಾಟಕ. ನಾಟಕದಲ್ಲಿ ವರದಿಗಾರ ಹಿಲ್ಡಿ ಗಂಡಸು, ಹಾಕ್ಸ್ ಆ ಪಾತ್ರವನ್ನು ಹೆಂಗಸು ಮಾಡಿದ. ಮೈಲ್‌ಸ್ಟೋನ್ ಚಿತ್ರದ ನೆಗೆಟಿವನ್ನು ಅಮೆರಿಕಕ್ಕೆ ಒಂದು, ಹೊರದೇಶಗಳಿಗೆ ಬೇರೆ ಅಂತ ಸಿದ್ಧ ಮಾಡಿದ್ದರು, ಟೇಕುಗಳೇ ಬೇರೆ. ನಿರ್ದೇಶಕನಿಗೆ ಒಪ್ಪಿಗೆಯಿದ್ದ ರೂಪದ ಪ್ರಿಂಟ್ ಆಮೇಲೆ ಸಿಕ್ಕಿತು, ಈ ಸೆಟ್ಟಿನಲ್ಲಿರುವುದು ಅದು. ಅದನ್ನು ಹಳೆಯ ಕಾಪಿಯ ಜೊತೆ ಇಟ್ಟು ನೋಡಿದರೆ ನಿಮ್ಮ ಮಾತು ನಿಜ ಅನ್ನಿಸುತ್ತದೆ.

ಅಡಿಕೆತೋಟ:
ಶುಕ್ರವಾರ ರಾತ್ರಿ ಬರೀತಿದ್ದೇನೆ. ನಮ್ಮಕ್ಕ ಸಾಗರದಿಂದ ಬಂದಿದ್ದಳು, ದೇವರನಾಮ ಹಾಡುವವಳು. ಏನೂ ಹೇಳದೆ ಎರಡೂ ಡಿಸ್ಕಿನ ಟೈಟಲ್ ಸಂಗೀತ ಹಾಕಿದೆ. 'ಎರಡನೇದಕ್ಕೆ ಶ್ರುತಿ ಏರಿಸಿದ್ದು ಯಾಕೋ?' ಅಂದಳು. ಎರಡನೆಯದು ಡಿವಿಡಿ.

ಸೆಟ್ಟಿಂಗ್ ಎಲ್ಲ ಬದಲಿಸಿದೆ. ನಮ್ಮ ಟಿವಿಯಲ್ಲಿ ಆ ಫಿಲ್ಮ್‌ಮೇಕರ್ ಮೋಡ್ ಇಲ್ಲ, ಒಂದೊಂದೇ ಹುಡುಕಿ ಆಫ್ ಮಾಡಿದೆ. ಮೊದಲ ಹತ್ತು ನಿಮಿಷ ಇನ್ನೂ ಎಳೆದ ಹಾಗೇ ಇತ್ತು, ಸುಳ್ಳು ಹೇಳೋದಿಲ್ಲ. ಹೋಟೆಲಿನ ಊಟದ ದೃಶ್ಯ ಬರುವಷ್ಟರಲ್ಲಿ ಮರೆತೇಹೋಯ್ತು. ಗ್ರ್ಯಾಂಟ್ ಒಂದು ಕಡೆ ರಾಲ್ಫ್ ಬೆಲಾಮಿ ಮಾಡಿದ ಪಾತ್ರದ ಗುರುತು ಹೇಳುವಾಗ 'ಸಿನಿಮಾದಲ್ಲಿ ಬರ್ತಾನಲ್ಲ, ಆ ರಾಲ್ಫ್ ಬೆಲಾಮಿ, ಅವನ ಹಾಗಿದ್ದಾನೆ' ಅಂತಾನೆ. ಇಷ್ಟು ಸಲ ನೋಡಿದ್ದೇನೆ, ಈ ಮಾತು ಕಿವಿಗೇ ಬಿದ್ದಿರಲಿಲ್ಲ! ಅಕ್ಕನಿಗೆ ನಿಲ್ಲಿಸಿ ವಿವರಿಸಿದೆ. ಅವಳು ನಗಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿ ಬರೋದಿಲ್ಲ ಅಂದೆ. ಪ್ಲೇಯರಿನ ಬೆಲೆ ಮಾತ್ರ ಮನೆಯವಳಿಗೆ ಅಕ್ಕನ ಬಾಯಿಂದಲೇ ಗೊತ್ತಾಯ್ತು. ಅದಕ್ಕೆ ಯಾರ ಹತ್ತಿರವಾದರೂ ಸೆಟ್ಟಿಂಗ್ ಇದ್ದರೆ ತಿಳಿಸಿ.