ಬಿಎಂಐ 13.5 ಇರುವ ಅನೊರೆಕ್ಸಿಯಾ ರೋಗಿ: ಮೊದಲ ವಾರದ ಆಹಾರ ಎಷ್ಟರಿಂದ ಶುರು ಮಾಡಬೇಕು?

ವಾರ್ಡ್ ಡಯಟಿಷಿಯನ್:
ಅನೊರೆಕ್ಸಿಯಾ (ತೂಕ ಏರುವ ಭಯದಿಂದ ಊಟ ಬಿಡುವ ಕಾಯಿಲೆ) ಇರುವ ವಯಸ್ಕ ರೋಗಿ, ತೂಕ 35 ಕಿಲೋ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 13.5. ಹನ್ನೆರಡು ದಿನದಿಂದ ಹೊಟ್ಟೆಗೆ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರೂ ನಾರ್ಮಲ್. ಹಳೇ ಪ್ರೋಟೊಕಾಲ್ ಪ್ರಕಾರ ಕಿಲೋಗೆ 5 ಕ್ಯಾಲೊರಿ, ಅಂದರೆ ದಿನಕ್ಕೆ 175. ಇದು ಆಸ್ಪತ್ರೆಯಲ್ಲೇ ಉಪವಾಸ ಕೆಡವಿದ ಹಾಗಲ್ಲವೇ? ಹದಿಹರೆಯದವರಿಗಾದರೆ 2000ದಿಂದಲೇ ಶುರು ಮಾಡುತ್ತಾರಂತೆ. ಯಾವ ದಾರಿ ಹಿಡಿಯಲಿ?

ಮೆಡಿಸಿನ್ ವೈದ್ಯ:
ಮೊದಲು ಆ ‘ನಾರ್ಮಲ್’ ಬಗ್ಗೆ. ಊಟ ಶುರುವಾಗುವ ಮುಂಚಿನ ಫಾಸ್ಫೇಟ್ ನಂಬಿ ಕೂರಬೇಡಿ. ಉಪವಾಸದಲ್ಲಿ ದೇಹದೊಳಗಿನ ದಾಸ್ತಾನು ಬರಿದಾಗಿದ್ದರೂ ರಕ್ತದಲ್ಲಿನ ಮಟ್ಟ ಹೇಗೋ ನಿಂತಿರುತ್ತದೆ. ಕಾರ್ಬೋಹೈಡ್ರೇಟ್ ಒಳಗೆ ಹೋಗಿ ಇನ್ಸುಲಿನ್ ಏರಿತೆಂದರೆ ಮೂರೂ ಜೀವಕೋಶಗಳೊಳಕ್ಕೆ ನುಗ್ಗುತ್ತವೆ. ಆಗ ರಕ್ತದಲ್ಲಿ ಕುಸಿತ ಕಾಣುತ್ತದೆ, ಹೆಚ್ಚಾಗಿ ಮೊದಲ ಮೂರ್ನಾಲ್ಕು ದಿನದಲ್ಲಿ. ಇದಕ್ಕೇ ರೀಫೀಡಿಂಗ್ ಸಿಂಡ್ರೋಮ್ ಅನ್ನುವುದು. ಫಾಸ್ಫೇಟ್ ಇಲ್ಲದೆ ಜೀವಕೋಶದ ಇಂಧನವಾದ ಎಟಿಪಿ ತಯಾರಾಗುವುದಿಲ್ಲ. ಹೃದಯ ಸೋಲುತ್ತದೆ, ಉಸಿರಾಟದ ಸ್ನಾಯು ಬಳಲುತ್ತದೆ, ಫಿಟ್ಸ್ ಕೂಡ ಬರಬಹುದು.

ಕಿಲೋಗೆ 5 ಅನ್ನುವುದು ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2006ರ ಮಾರ್ಗಸೂಚಿಯದು. ಬಿಎಂಐ 14ಕ್ಕಿಂತ ಕೆಳಗಿರುವವರಂಥ ಅತಿ ಅಪಾಯದ ರೋಗಿಗಳಿಗೆ ಹೇಳಿದ್ದು. ಅಮೆರಿಕದ ಪೋಷಣಾ ತಜ್ಞರ ಸಂಘ ಆಸ್ಪೆನ್‌ನ (ASPEN) 2020ರ ಒಮ್ಮತ ಮೊದಲ 24 ಗಂಟೆಗೆ ಕಿಲೋಗೆ 10ರಿಂದ 20 ಎನ್ನುತ್ತದೆ. ನಿಮ್ಮ ರೋಗಿಗೆ ಅದು 350ರಿಂದ 700. ದಿನಕ್ಕೆರಡು ಸಲ ರಕ್ತಪರೀಕ್ಷೆ ಸಾಧ್ಯವಿದ್ದರೆ ನಾನು 600ರಿಂದ ಶುರು ಮಾಡಿ ದಿನಕ್ಕೆ 200ರಂತೆ ಏರಿಸುತ್ತೇನೆ. ಐದನೇ ದಿನ 1400 ಮುಟ್ಟುತ್ತದೆ. ಪರೀಕ್ಷೆ ದಿನಕ್ಕೊಂದೇ ಆದರೆ ಇಷ್ಟು ಧೈರ್ಯ ಬೇಡ.

175ರಲ್ಲೇ ವಾರಗಟ್ಟಲೆ ಇಡುವುದೂ ಅಪಾಯವೇ. ತೂಕ ಇನ್ನೂ ಇಳಿಯುತ್ತದೆ, ಸಕ್ಕರೆ ಕುಸಿಯುತ್ತದೆ. ರೀಫೀಡಿಂಗ್‌ಗೆ ಹೆದರಿ ರೋಗಿಯನ್ನು ಹಸಿವಿನಿಂದಲೇ ಕಳೆದುಕೊಳ್ಳುವುದಕ್ಕೆ ‘ಅಂಡರ್‌ಫೀಡಿಂಗ್ ಸಿಂಡ್ರೋಮ್’ ಅಂತ ಹೆಸರೇ ಇದೆ.

ಥಯಮಿನ್ (ವಿಟಮಿನ್ ಬಿ1) ಮರೆಯಬೇಡಿ: ಮೊದಲ ತುತ್ತಿಗಿಂತ ಮುಂಚೆ ಕನಿಷ್ಠ 100 ಮಿ.ಗ್ರಾಂ, ಆಮೇಲೆ ದಿನವೂ. ಡೆಕ್ಸ್‌ಟ್ರೋಸ್ ಹಾಕುವ ಮೊದಲಂತೂ ಬೇಕೇ ಬೇಕು. ಇಲ್ಲದಿದ್ದರೆ ವರ್ನಿಕೆ ಎನ್ಸೆಫಲೋಪತಿಗೆ (ಥಯಮಿನ್ ಕೊರತೆಯಿಂದ ಮಿದುಳಿಗಾಗುವ ಹಾನಿ) ನಾವೇ ಬಾಗಿಲು ತೆಗೆದ ಹಾಗೆ.

ಈಟಿಂಗ್ ಡಿಸಾರ್ಡರ್ ವಾರ್ಡ್ ನರ್ಸ್:
ಡಾಕ್ಟರ್ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ಈ ರೋಗಿಗಳ ನಾಡಿ ನಿಮಿಷಕ್ಕೆ 40ರ ಆಸುಪಾಸಿನಲ್ಲಿ ಇರುವುದುಂಟು. ಊಟ ಶುರುವಾದ ಮೇಲೆ ಅದು ದಿಢೀರನೆ 90ಕ್ಕೆ ಏರಿದರೆ ‘ಸುಧಾರಿಸಿತು’ ಅಂದುಕೊಳ್ಳಬೇಡಿ, ಕೂಡಲೇ ಫಾಸ್ಫೇಟ್ ಪರೀಕ್ಷೆಗೆ ರಕ್ತ ಕಳಿಸಿ, ಇಸಿಜಿ ತೆಗೆಯಿರಿ. ಹೃದಯ ಸೋಲುವುದರ ಅಥವಾ ಸೋಂಕಿನ ಮೊದಲ ಸುಳಿವು ಅದಾಗಿರಬಹುದು.

ಸಕ್ಕರೆಯನ್ನು ಊಟವಾದ ಒಂದೆರಡು ಗಂಟೆಗೂ, ನಡುರಾತ್ರಿಯಲ್ಲೂ ನೋಡಿ. ಯಕೃತ್ತಿನಲ್ಲಿ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಇಲ್ಲದ್ದರಿಂದ ಇನ್ಸುಲಿನ್ ಏರಿದ ಬೆನ್ನಲ್ಲೇ ಸಕ್ಕರೆ ಬಿದ್ದುಹೋಗುತ್ತದೆ. ದಿನದ ಪಾಲನ್ನು ಮೂರು ದೊಡ್ಡ ಊಟ ಮಾಡುವ ಬದಲು ಆರು ಸಣ್ಣ ಪಾಲಾಗಿ ಹಂಚಿ, ಮಲಗುವ ಮುನ್ನ ಒಂದು ಇರಲಿ. ಮೂಗಿನ ಟ್ಯೂಬ್ ಹಾಕಿದ್ದರೆ ನಿಧಾನವಾಗಿ ಸತತ ಹರಿಸುವುದು ಮೇಲು.

ತೂಕ ಬೆಳಗ್ಗೆ, ಮೂತ್ರ ಮಾಡಿಸಿದ ಮೇಲೆ, ಗೌನ್‌ನಲ್ಲಿ. ಏರಿಕೆ ಅನುಮಾನ ಹುಟ್ಟಿಸಿದರೆ, ನೀರು ಕುಡಿದು ತೂಕ ಏರಿಸಿಕೊಂಡರೇ ಎಂದು ತಿಳಿಯಲು ಮೂತ್ರದ ಸ್ಪೆಸಿಫಿಕ್ ಗ್ರ್ಯಾವಿಟಿ (ಎಷ್ಟು ತೆಳು, ಎಷ್ಟು ಗಟ್ಟಿ) ನೋಡಿ. ಮೊದಲ ವಾರದ ಏರಿಕೆಯಲ್ಲಿ ಬಹುಪಾಲು ನೀರೇ, ಅದನ್ನು ರೋಗಿಗೂ ಮೊದಲೇ ಹೇಳಿಡಿ. ಪಾದ ಊದಿದ್ದು ಕಂಡು ‘ದಪ್ಪ ಆದೆ’ ಎಂದು ಊಟ ಬಿಟ್ಟುಬಿಡುತ್ತಾರೆ.

ವಾರ್ಡ್ ಡಯಟಿಷಿಯನ್:
ಧನ್ಯವಾದ ಇಬ್ಬರಿಗೂ. ಎರಡನೇ ದಿನ ಫಾಸ್ಫೇಟ್ 3.2ರಿಂದ 2.2ಕ್ಕೆ ಇಳಿದರೆ ಊಟ ನಿಲ್ಲಿಸಬೇಕೇ?

ಮೆಡಿಸಿನ್ ವೈದ್ಯ:
ನಿಲ್ಲಿಸಬೇಡಿ. ಡೆಸಿಲೀಟರ್‌ಗೆ 2.2 ಮಿ.ಗ್ರಾಂ ಅಂದರೆ ಲ್ಯಾಬ್ ರಿಪೋರ್ಟಿನಲ್ಲಿ ‘ಸ್ವಲ್ಪ ಕಡಿಮೆ’. ಆದರೆ ಇಳಿದದ್ದು ಶೇಕಡಾ 31. ಆಸ್ಪೆನ್ ಲೆಕ್ಕದಲ್ಲಿ 30 ದಾಟಿದರೆ ತೀವ್ರ. ಹಾಗಾಗಿ ಅಂಕಿಗಿಂತ ಇಳಿಜಾರು ನೋಡಿ. ಬಾಯಿ ಮೂಲಕ ಫಾಸ್ಫೇಟ್ ಕೊಡಿ, ಏರಿಕೆ ತಡೆದು ಅದೇ ಕ್ಯಾಲೊರಿಯಲ್ಲಿ ಇರಿಸಿ, ಆರು ಗಂಟೆಗೆ ಮತ್ತೆ ಪರೀಕ್ಷೆ. 1.0ರ ಹತ್ತಿರ ಬಂದರೆ, ಅಥವಾ ಲಕ್ಷಣ ಕಂಡರೆ, ಮಾನಿಟರ್ ಇರುವ ಕಡೆ ಸಾಗಿಸಿ ರಕ್ತನಾಳದ ಮೂಲಕ ನಿಧಾನವಾಗಿ. ಬೇಗ ಬಿಟ್ಟರೆ ಕ್ಯಾಲ್ಸಿಯಂ ಕುಸಿಯುತ್ತದೆ. ಫಾಸ್ಫೇಟ್ ಅಷ್ಟು ಇಳಿದಾಗ ಅಥವಾ ಲಕ್ಷಣ ಕಂಡಾಗ ಮಾತ್ರ ಕ್ಯಾಲೊರಿ ಇಳಿಸುವ ಮಾತು.

ಪೊಟ್ಯಾಸಿಯಂ ಎಷ್ಟು ಹಾಕಿದರೂ ಏರುತ್ತಿಲ್ಲವೆಂದರೆ ಮೆಗ್ನೀಸಿಯಂ ಸರಿಮಾಡಿದ್ದೀರಾ ನೋಡಿ. ವಾಂತಿ, ಭೇದಿ ಮಾತ್ರೆಯ ಇತಿಹಾಸ ಇದ್ದರೆ ಸಲೈನ್ ಬಾಟಲಿ ಸುರಿಯಬೇಡಿ: ಉಪ್ಪು ಹಿಡಿದಿಡುವ ಹಾರ್ಮೋನ್ ಆಲ್ಡೋಸ್ಟಿರೋನ್ ಮೊದಲೇ ಮೇಲಿರುತ್ತದೆ, ಉಪ್ಪು-ನೀರು ಹಿಡಿದಿಟ್ಟು ಮೈ ಊದುತ್ತದೆ, ಸೊರಗಿದ ಹೃದಯ ತಾಳುವುದಿಲ್ಲ.

ಮಕ್ಕಳ ವೈದ್ಯೆ:
2000ದ ವಿಚಾರ ಹೇಳಿಬಿಡುತ್ತೇನೆ. 2020ರಲ್ಲಿ ಬಂದ ಸ್ಟ್ರಾಂಗ್ ಟ್ರಯಲ್‌ನಲ್ಲಿ 12ರಿಂದ 24 ವಯಸ್ಸಿನವರಿಗೆ 1400ರಿಂದ ಶುರು ಮಾಡಿ ಎರಡು ದಿನಕ್ಕೊಮ್ಮೆ 200, ಅಥವಾ 2000ದಿಂದ ಶುರು ಮಾಡಿ ದಿನಕ್ಕೆ 200 ಏರಿಸಿದರು. 2000ದ ಗುಂಪು ಮೂರು ದಿನ ಮೊದಲೇ ಸ್ಥಿರವಾಯಿತು, ಎಲೆಕ್ಟ್ರೊಲೈಟ್ ತೊಂದರೆ ಹೆಚ್ಚಲಿಲ್ಲ. ಆದರೆ ಬಿಎಂಐ ತಮ್ಮ ವಯಸ್ಸಿನವರ ಮಧ್ಯಮ (ಮೀಡಿಯನ್) ಬಿಎಂಐನ ಶೇಕಡಾ 60ಕ್ಕಿಂತ ಕೆಳಗಿದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ಬಿಎಂಐ 13.5ರ ನಿಮ್ಮ ವಯಸ್ಕ ರೋಗಿಗೆ ಆ ಫಲಿತಾಂಶವನ್ನು ನೇರವಾಗಿ ಹಾಕಲು ಬರುವುದಿಲ್ಲ. 14 ವರ್ಷದ, ಅಷ್ಟೊಂದು ಇಳಿಯದ ಹುಡುಗಿಗೆ 600ರಿಂದ ಶುರು ಮಾಡುವುದೂ ಅಷ್ಟೇ ತಪ್ಪು.