ಪಿಎಲ್‌ಸಿಗೆ ಬೇರೆ ಅರ್ಥ್ ಗುಂಡಿ ಬೇಕೇ? ವಿಎಫ್‌ಡಿ ಓಡಿದರೆ ರೀಡಿಂಗ್ ಕುಣಿಯುತ್ತಿದೆ

ಪ್ರಶ್ನೆ:
ರೈಸ್ ಮಿಲ್ ಡ್ರೈಯರ್‌ನ ಪ್ಯಾನೆಲ್. ಒಳಗೆ 24 ವೋಲ್ಟ್ ಡಿಸಿ ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್), ಅದಕ್ಕೆ 24 ವೋಲ್ಟ್ ಕೊಡುವ 5 ಆಂಪಿಯರ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 7.5 ಕಿಲೋವ್ಯಾಟ್‌ನ ಎರಡು ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್), ಎಂಟು ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ನಡೆಯುವ ದೊಡ್ಡ ಸ್ವಿಚ್) ಇವೆ. ಬ್ಲೋವರ್ ಓಡುವಾಗ ಸೆನ್ಸರ್‌ನಿಂದ 4–20 ಮಿಲಿಆಂಪಿಯರ್ ಅನಲಾಗ್ ಸಿಗ್ನಲ್ ಆಗಿ ಬರುವ ಟೆಂಪರೇಚರ್ ರೀಡಿಂಗ್ 62ರಿಂದ 70 ಡಿಗ್ರಿಗೆ ಹಾರುತ್ತದೆ. ವಿಎಫ್‌ಡಿ ನಿಂತರೆ ಸರಿ. ಕಾಂಟ್ಯಾಕ್ಟರ್ ಆಫ್ ಆಗುವಾಗ ಒಮ್ಮೊಮ್ಮೆ ಪಿಎಲ್‌ಸಿ ರೀಸ್ಟಾರ್ಟ್ ಆಗುತ್ತದೆ. ಪಿಎಲ್‌ಸಿಗೆ ಬೇರೆಯೇ ಗುಂಡಿ ತೋಡಿ, ಮಿಲ್ ಅರ್ಥ್‌ಗೆ ಸೇರಿಸಬೇಡಿ ಎನ್ನುತ್ತಾರೆ ಎಲೆಕ್ಟ್ರಿಷಿಯನ್. ಸರಿಯೇ? 24 ವೋಲ್ಟ್ ಸಪ್ಲೈನ 0 ವೋಲ್ಟನ್ನು (ಮೈನಸ್ ತುದಿ) ಅರ್ಥ್‌ಗೆ ಕಟ್ಟಬೇಕೇ?

ಉತ್ತರ 1:
ಮಿಲ್ ಅರ್ಥ್‌ಗೆ ಸೇರಿಸದ ಬೇರೆ ಗುಂಡಿ ಬೇಡವೇ ಬೇಡ ಸರ್, ಜೀವಕ್ಕೆ ಅಪಾಯ. ಹೊಸ ಗುಂಡಿ 5 ಓಮ್, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ಅರ್ಥ್ 2 ಓಮ್ ಅಂದುಕೊಳ್ಳಿ. ಫೇಸ್ ವೈರ್ ಬಾಡಿಗೆ ತಗುಲಿದರೆ 230 ವೋಲ್ಟನ್ನು 7ರಿಂದ ಭಾಗಿಸಿ, ಸುಮಾರು 33 ಆಂಪಿಯರ್ ಹರಿಯುತ್ತದೆ. 32 ಆಂಪಿಯರ್ ಸಿ-ಕರ್ವ್ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್; ಸಿ-ಕರ್ವ್ ಎಂದರೆ ರೇಟಿಂಗ್‌ನ 5ರಿಂದ 10 ಪಟ್ಟಿಗೆ ತಕ್ಷಣ ಬೀಳುವ ಬಗೆ) ತಕ್ಷಣ ಟ್ರಿಪ್ ಆಗಲು 160ರಿಂದ 320 ಆಂಪಿಯರ್ ಬೇಕು. ಎಂಸಿಬಿ ಬೀಳುವುದಿಲ್ಲ, ಬಾಡಿ ಮೇಲೆ 165 ವೋಲ್ಟ್ ನಿಂತಿರುತ್ತದೆ. ಸಿಡಿಲು ಬಿದ್ದಾಗಲಂತೂ ಎರಡು ಗುಂಡಿಗಳ ನಡುವಿನ ವೋಲ್ಟೇಜ್ ಪಿಎಲ್‌ಸಿ ಕಾರ್ಡ್‌ಗಳ ಮೂಲಕವೇ ದಾರಿ ಹುಡುಕುತ್ತದೆ. ಗುಂಡಿ ತೋಡಿದರೂ ಅದನ್ನು ಮಿಲ್‌ನ ಮುಖ್ಯ ಅರ್ಥ್ ಬಸ್‌ಬಾರ್‌ಗೆ ಸೇರಿಸಲೇಬೇಕು.

ಉತ್ತರ 2:
ಗಲಾಟೆ ಮಣ್ಣಿನಲ್ಲಿಲ್ಲ, ಪ್ಯಾನೆಲ್ ಒಳಗಿದೆ. ಮೊದಲು ಮೌಂಟಿಂಗ್ ಪ್ಲೇಟ್ (ಉಪಕರಣಗಳನ್ನು ಕೂರಿಸಿದ ಲೋಹದ ಹಲಗೆ) ನೋಡಿ. ಪೇಂಟ್ ಮೇಲೆಯೇ ಬೋಲ್ಟ್ ಬಿಗಿದಿದ್ದರೆ ಅದು ಅರ್ಥಿಂಗ್ ಅಲ್ಲ. ಲೋಹ ಹೊಳೆಯುವಷ್ಟು ಪೇಂಟ್ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಬಾಗಿಲಿಗೆ ಹೆಣೆದ ತಾಮ್ರದ ಪಟ್ಟಿ ಕೊಡಿ.

ವಿಎಫ್‌ಡಿಯಿಂದ ಹೋಗುವ ಮೋಟಾರ್ ಕೇಬಲ್ ಶೀಲ್ಡ್ (ವೈರ್ ಸುತ್ತ ಲೋಹದ ಹೊದಿಕೆ) ಇರುವುದೇ ಆಗಬೇಕು, ಶೀಲ್ಡ್ ಎರಡೂ ತುದಿಯಲ್ಲಿ ಅರ್ಥ್ ಆಗಬೇಕು. ಟೆಂಪರೇಚರ್ ಸೆನ್ಸರ್‌ನ ಅನಲಾಗ್ ಕೇಬಲ್‌ಗೆ ತಿರುಚಿದ ಜೋಡಿ ವೈರ್. ಅದರ ಶೀಲ್ಡ್ ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್, ಸೆನ್ಸರ್ ಕಡೆ ಕತ್ತರಿಸಿ ಸ್ಲೀವ್ ಹಾಕಿ. ಶೀಲ್ಡನ್ನು ಉದ್ದ ಬಾಲದಂತೆ ತಿರುಚಿ ಟರ್ಮಿನಲ್‌ಗೆ ಕೊಟ್ಟರೆ ಅರ್ಧ ಪ್ರಯೋಜನ ಹೋಯಿತು, ಸುತ್ತಲೂ ಹಿಡಿಯುವ ಕ್ಲಾಂಪ್ ಬಳಸಿ. ಎರಡೂ ಕೇಬಲ್ ಒಂದೇ ಟ್ರೇನಲ್ಲಿ ಬೇಡ, 200 ಮಿ.ಮೀ. ಅಂತರ ಇರಲಿ, ದಾಟಲೇಬೇಕಾದರೆ 90 ಡಿಗ್ರಿಯಲ್ಲಿ ದಾಟಿಸಿ.

ಪ್ರಶ್ನೆ ಕೇಳಿದವರು:
ಸರಿ ಸರ್, ಪೇಂಟ್ ಮೇಲೆಯೇ ಬೋಲ್ಟ್ ಇದೆ. ರೀಸ್ಟಾರ್ಟ್ ಮತ್ತು 0 ವೋಲ್ಟ್ ವಿಷಯ?

ಉತ್ತರ 3:
ರೀಸ್ಟಾರ್ಟ್‌ಗೆ ಕಾಂಟ್ಯಾಕ್ಟರ್ ಕಾಯಿಲ್ ಮೇಲೇ ಮೊದಲ ಅನುಮಾನ, ಆಫ್ ಆಗುವಾಗ ಅದರಿಂದ ವೋಲ್ಟೇಜ್ ಚಿಮ್ಮುತ್ತದೆ. 230 ವೋಲ್ಟ್ ಎಸಿ ಕಾಯಿಲ್ ಒಂದೊಂದಕ್ಕೂ 100 ಓಮ್, 0.1 ಮೈಕ್ರೋಫ್ಯಾರಡ್‌ನ ಆರ್‌ಸಿ ಸ್ನಬರ್ (ಆ ಚಿಮ್ಮನ್ನು ಹೀರುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಹಾಕಿ. 24 ವೋಲ್ಟ್ ಡಿಸಿ ರಿಲೇ ಕಾಯಿಲ್‌ಗೆ ಅಡ್ಡವಾಗಿ 1ಎನ್4007 ಡಯೋಡ್, ಗೆರೆ ಇರುವ ತುದಿ ಪ್ಲಸ್‌ಗೆ. ಎಸಿ ಕಾಯಿಲ್‌ಗೆ ಡಯೋಡ್ ಹಾಕಿದರೆ ಶಾರ್ಟ್. ಎಸ್‌ಎಂಪಿಎಸ್‌ಗೆ ಅದರದೇ ಎಂಸಿಬಿ ಕೊಡಿ, ಕಾಯಿಲ್‌ಗಳ ಲೈನಿನಿಂದ ಎಳೆಯಬೇಡಿ, ಲೋಡ್ 4 ಆಂಪಿಯರ್ ದಾಟದಿರಲಿ.

0 ವೋಲ್ಟನ್ನು ಅರ್ಥ್‌ಗೆ ಕಟ್ಟಿ, ಆದರೆ ಒಂದೇ ಜಾಗದಲ್ಲಿ, ಎಸ್‌ಎಂಪಿಎಸ್ ಪಕ್ಕದಲ್ಲಿ, ಬಿಚ್ಚಬಹುದಾದ ಲಿಂಕ್ ಟರ್ಮಿನಲ್ ಇಟ್ಟು. ಕಟ್ಟದೇ ಬಿಟ್ಟರೆ ಒಂದು ವೈರ್ ಬಾಡಿಗೆ ತಗುಲಿದ್ದು ತಿಳಿಯುವುದೇ ಇಲ್ಲ. ಎರಡನೆಯದು ತಗುಲಿದಾಗ ಲಿಮಿಟ್ ಸ್ವಿಚ್ (ಯಂತ್ರ ಮಿತಿ ಮುಟ್ಟಿದಾಗ ನಿಲ್ಲಿಸುವ ಸ್ವಿಚ್) ಬೈಪಾಸ್ ಆಗಿ ಮೋಟಾರ್ ತಾನಾಗಿ ಓಡಬಹುದು. ಕಟ್ಟಿದ್ದರೆ ಪ್ಲಸ್ ವೈರ್ ಬಾಡಿಗೆ ತಗುಲಿದ ಮೊದಲ ಸಲವೇ ಫ್ಯೂಸ್ ಹೋಗುತ್ತದೆ. ಅದಕ್ಕಾಗಿ ಪ್ರತಿ 24 ವೋಲ್ಟ್ ಕವಲಿಗೆ 2 ಆಂಪಿಯರ್ ಫ್ಯೂಸ್ ಇರಲಿ, ಯಾಕೆಂದರೆ ಎಸ್‌ಎಂಪಿಎಸ್ ಕರೆಂಟನ್ನು ತಾನೇ ಮಿತಿಗೊಳಿಸುವುದರಿಂದ ದೊಡ್ಡ ಎಂಸಿಬಿ ಬೀಳದೇ ಇರಬಹುದು. ಸ್ವಿಚ್, ಕಾಂಟ್ಯಾಕ್ಟ್ ಎಲ್ಲವೂ ಪ್ಲಸ್ ಕಡೆ, ಕಾಯಿಲ್‌ನ ಇನ್ನೊಂದು ತುದಿ ನೇರ 0 ವೋಲ್ಟ್‌ಗೆ.

ವಿಎಫ್‌ಡಿ ಕವರ್ ತೆಗೆಯುವ ಮುಂಚೆ ಸಪ್ಲೈ ಬಿಚ್ಚಿ, ಲೇಬಲ್‌ನಲ್ಲಿ ಬರೆದಷ್ಟು ಹೊತ್ತು ಕಾದು, ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದಿರುವ ಡಿಸಿ ಬಸ್ ವೋಲ್ಟೇಜನ್ನು ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ.