ವೆಬ್ ಡಿಸೈನ್‌ಗೆ ಈಗ ಏನು ಕಲಿಯಬೇಕು, ಎಲ್ಲಿಂದ ಕಲಿಯಬೇಕು?

ಹೊಸಗೆರೆ:

ಎಲ್ಲರಿಗೂ ನಮಸ್ಕಾರ. ನಾನು ವೆಬ್ ಪುಟ ಮಾಡುವುದನ್ನು ಕಲಿತದ್ದು ಫ್ಲೋಟ್, ಕ್ಲಿಯರ್‌ಫಿಕ್ಸ್, ಜೆಕ್ವೆರಿಯಂಥ ಹಳೆಯ ತಂತ್ರಗಳು ಜೋರಾಗಿದ್ದ ಕಾಲದಲ್ಲಿ. ಆಮೇಲೆ ಬೇರೆ ಕೆಲಸಕ್ಕೆ ಹೋದೆ, ಈಗ ಮತ್ತೆ ಇದಕ್ಕೇ ಬಂದಿದ್ದೇನೆ. ಏನು ಕಲಿಯಬೇಕು ಅಂತ ಹುಡುಕಲು ಕೂತರೆ ತಲೆ ಗಿರ್ರೆನ್ನುತ್ತದೆ. ರಿಯಾಕ್ಟ್ (ಜಾವಾಸ್ಕ್ರಿಪ್ಟ್ ಲೈಬ್ರರಿ) ಇಲ್ಲದೆ ಕೆಲಸವೇ ಇಲ್ಲ ಅಂತ ಒಬ್ಬರು, ಟೈಲ್‌ವಿಂಡ್ (ಸಿದ್ಧ ಸಿಎಸ್‌ಎಸ್ ಕ್ಲಾಸ್‌ಗಳ ಕಟ್ಟು) ಗೊತ್ತಿದ್ದರೆ ಸಿಎಸ್‌ಎಸ್ ಬೇಡ ಅಂತ ಇನ್ನೊಬ್ಬರು, ಎಐ ಬರೆದುಕೊಡುತ್ತಲ್ಲ ಕಲಿಯೋದ್ಯಾಕೆ ಅಂತ ಮತ್ತೊಬ್ಬರು.

ನಾನು ಮಾಡಬೇಕಿರುವುದು ದೊಡ್ಡ ಆ್ಯಪ್ ಅಲ್ಲ. ಓದುವ ಪುಟಗಳು, ಒಂದಿಷ್ಟು ಫೋಟೋ, ಒಂದು ಫಾರ್ಮ್, ಒಂದು ಹುಡುಕಾಟ, ಇಷ್ಟಿರುವ ಸೈಟ್‌ಗಳು. ಹಳೆಯ ಫೋನಿನಲ್ಲೂ ಬೇಗ ತೆರೆಯಬೇಕು, ಎಲ್ಲರಿಗೂ ಬಳಸಲು ಬರಬೇಕು. ಇದಕ್ಕೆ ಎಲ್ಲಿಂದ ಶುರು ಮಾಡಲಿ? ಯಾವುದನ್ನು ನಂಬಿ ಓದಲಿ? ಯಾವುದನ್ನು ಸದ್ಯಕ್ಕೆ ಬಿಡಬಹುದು?

ಮೂಲಾಕ್ಷರ:

ಪುಟದ ರಚನೆ ಬರೆಯುವ ಎಚ್‌ಟಿಎಂಎಲ್ ಮತ್ತು ಅದರ ರೂಪ ತಿದ್ದುವ ಸಿಎಸ್‌ಎಸ್‌ನಿಂದಲೇ ಮತ್ತೆ ಶುರು ಮಾಡಿ. ಇದು ಹಳೆಯ ಉಪದೇಶದ ಹಾಗೆ ಕೇಳಿಸಬಹುದು, ಆದರೆ ಕಾರಣ ಹೊಸದು. ನೀವು ಬಿಟ್ಟುಹೋದಾಗ ಲೈಬ್ರರಿ ಹಾಕಿಯೇ ಮಾಡಬೇಕಿದ್ದ ಕೆಲಸಗಳಲ್ಲಿ ಎಷ್ಟೋ ಈಗ ಬ್ರೌಸರ್‌ನಲ್ಲೇ ಇವೆ. ಪುಟವನ್ನು ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸುವ ಸಿಎಸ್‌ಎಸ್ ಗ್ರಿಡ್ 2017ರ ಮಾರ್ಚ್‌ನಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂತು. ಮೇಲೆದ್ದು ಬರುವ ಕಿಟಕಿಗೆ ಡೈಲಾಗ್ ಟ್ಯಾಗ್ ಇದೆ, 2022ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ನಡೆಯುತ್ತದೆ. ಒತ್ತಿದರೆ ಬಿಚ್ಚಿಕೊಳ್ಳುವ ಪ್ರಶ್ನೋತ್ತರಕ್ಕೆ ಡೀಟೇಲ್ಸ್ ಮತ್ತು ಸಮರಿ ಸಾಕು, ಒಂದು ಸಾಲು ಸ್ಕ್ರಿಪ್ಟ್ ಬೇಡ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ವಿದಾಯ ಹೇಳಿತು, ಅದಕ್ಕಾಗಿ ಮಾಡುತ್ತಿದ್ದ ಕಸರತ್ತೆಲ್ಲ ಈಗ ಬೇಡ.

ಒಂದು ಉದಾಹರಣೆ ಕೊಡುತ್ತೇನೆ. ಕಾರ್ಡ್‌ಗಳ ಸಾಲು ಬೇಕು, ದೊಡ್ಡ ಪರದೆಯಲ್ಲಿ ನಾಲ್ಕು, ಸಣ್ಣದರಲ್ಲಿ ಎರಡು, ಫೋನಿನಲ್ಲಿ ಒಂದು ಅಂದುಕೊಳ್ಳಿ. ಮುಂಚೆ ಇದಕ್ಕೆ ಪರದೆಯ ಅಗಲಕ್ಕೆ ತಕ್ಕ ನಿಯಮ ಹೇಳುವ ಮೂರ್ನಾಲ್ಕು ಮೀಡಿಯಾ ಕ್ವೆರಿ ಬರೆಯುತ್ತಿದ್ದೆವು. ಈಗ ಗ್ರಿಡ್‌ನ ಕಾಲಂಗಳಿಗೆ ರಿಪೀಟ್ ಒಳಗೆ ಆಟೋ-ಫಿಟ್ ಹಾಕಿ, ಪಕ್ಕದಲ್ಲಿ ಮಿನ್‌ಮ್ಯಾಕ್ಸ್ ಕೊಟ್ಟು, ಕನಿಷ್ಠ ಅಗಲ 16 ರೆಮ್ (ಪುಟದ ಮೂಲ ಅಕ್ಷರದ ಅಳತೆಯ 16 ಪಟ್ಟು), ಗರಿಷ್ಠ 1 ಎಫ್‌ಆರ್ (ಉಳಿದ ಜಾಗದ ಒಂದು ಪಾಲು) ಅಂದರೆ ಮುಗಿಯಿತು. ಎಷ್ಟು ಕಾರ್ಡ್ ಹಿಡಿಸುತ್ತೋ ಅಷ್ಟನ್ನು ಬ್ರೌಸರೇ ಲೆಕ್ಕ ಹಾಕಿ ಕೂರಿಸುತ್ತದೆ. ಪರದೆಯ ಅಗಲ ಬಿಟ್ಟು, ಕಾರ್ಡ್ ಕೂತಿರುವ ಜಾಗದ ಅಗಲ ನೋಡಿ ಅದರ ರೂಪ ಬದಲಿಸಬೇಕಾದರೆ ಕಂಟೇನರ್ ಕ್ವೆರಿ ಇದೆ. 2023ರ ಫೆಬ್ರುವರಿಯಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ಅದು ಎಲ್ಲ ಕಡೆ ಸಿಗುತ್ತದೆ.

ಓದಲು ಎಂಡಿಎನ್ ಅನ್ನುವ ವೆಬ್ ಕೈಪಿಡಿ ಸೈಟ್ ಒಂದನ್ನು ಸದಾ ತೆರೆದಿಟ್ಟುಕೊಳ್ಳಿ. ಅದರಲ್ಲಿ ಕಲಿಯುವವರಿಗೆ ಬೇರೆ ವಿಭಾಗವೇ ಇದೆ, ಉಚಿತ. ಗೂಗಲ್‌ನವರ ವೆಬ್ ಡಾಟ್ ಡೆವ್‌ನಲ್ಲಿ ಸಿಎಸ್‌ಎಸ್, ಫಾರ್ಮ್, ಚಿತ್ರ, ಆಕ್ಸೆಸಿಬಿಲಿಟಿ (ಎಲ್ಲರಿಗೂ ಬಳಸಲು ಬರುವಂತೆ ಮಾಡುವುದು) ಬಗ್ಗೆ ಬಿಡಿ ಬಿಡಿ ಪಾಠಗಳಿವೆ, ಫಾರ್ಮ್‌ನದ್ದು ತಪ್ಪದೆ ನೋಡಿ. ಒಂದೇ ಸಾಲಿನಲ್ಲಿ ವಸ್ತು ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಕೈಗೆ ಹತ್ತಲಿಲ್ಲ ಅಂದರೆ ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಅನ್ನುವ ಆಟ ಆಡಿ. ವೀಡಿಯೋ ಬೇಕಾದರೆ ಯೂಟ್ಯೂಬ್‌ನಲ್ಲಿ ಕೆವಿನ್ ಪವೆಲ್. ಸಿಎಸ್‌ಎಸ್ ಯಾಕೆ ಹಾಗೆ ವರ್ತಿಸುತ್ತದೆ ಅಂತ ಅವರಷ್ಟು ತಾಳ್ಮೆಯಿಂದ ಬಿಡಿಸಿ ಹೇಳುವವರು ಕಡಿಮೆ.

ಬೆಳಕಿಂಡಿ:

ಮೇಲಿನವರು ಹೇಳಿದ್ದಕ್ಕೆ ನಾನು ಪೂರ್ತಿ ಒಪ್ಪುತ್ತೇನೆ. "ಎಲ್ಲರಿಗೂ ಬಳಸಲು ಬರಬೇಕು" ಅಂತ ನೀವು ಬರೆದಿದ್ದೀರಲ್ಲ, ಅದನ್ನು ಹಿಡಿದು ಮುಂದುವರಿಸುತ್ತೇನೆ.

ತನ್ನದೇ ಅರ್ಥವಿಲ್ಲದ ಬರೀ ಡಬ್ಬಿಯಾದ ಡಿವ್ ಟ್ಯಾಗ್‌ಗೆ ಬಣ್ಣ ಬಳಿದು, ಕ್ಲಿಕ್ ಹಚ್ಚಿ ಬಟನ್ ಅಂತ ಕರೆಯುವುದು ಇವತ್ತಿಗೂ ಎಲ್ಲ ಕಡೆ ನಡೆಯುತ್ತಿದೆ. ಮೌಸ್ ಹಿಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀ ಒತ್ತಿ ನೋಡಿ. ಫೋಕಸ್ (ಕೀಬೋರ್ಡ್ ಈಗ ಎಲ್ಲಿದೆ ಅನ್ನುವ ಗುರುತು) ಅದನ್ನು ಹಾರಿ ಮುಂದಕ್ಕೆ ಹೋಗುತ್ತದೆ. ಎಂಟರ್ ಒತ್ತಿದರೂ ಸ್ಪೇಸ್ ಒತ್ತಿದರೂ ಅಲುಗಾಡುವುದಿಲ್ಲ. ಪರದೆಯನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ಅದರ ಅಕ್ಷರ ಓದುತ್ತದೆ, ಆದರೆ ಅದು ಬಟನ್ ಅಂತ ಹೇಳುವುದಿಲ್ಲ. ಕಣ್ಣು ಕಾಣದವರಿಗೆ ಆ ಬಟನ್ ಇಲ್ಲವೇ ಇಲ್ಲ. ಅದೇ ಜಾಗದಲ್ಲಿ ಬಟನ್ ಟ್ಯಾಗ್ ಹಾಕಿದರೆ ಇಷ್ಟೂ ತಾನಾಗಿಯೇ ಬರುತ್ತದೆ. ಇನ್ನೊಂದು ಪುಟಕ್ಕೆ ಹೋಗುವುದಾದರೆ ಲಿಂಕ್, ಇದ್ದಲ್ಲೇ ಏನಾದರೂ ಆಗಬೇಕಾದರೆ ಬಟನ್. ಸುಮ್ನೆ ಏರಿಯಾ (ARIA, ಸ್ಕ್ರೀನ್ ರೀಡರ್‌ಗೆ ಸುಳಿವು ಕೊಡುವ) ಗುಣಗಳನ್ನು ತುಂಬಬೇಡಿ, ಸರಿಯಾದ ಟ್ಯಾಗ್ ಇದ್ದರೆ ಹೆಚ್ಚು ಸಲ ಅವು ಬೇಕಾಗುವುದೇ ಇಲ್ಲ.

ಫಾರ್ಮ್ ಇದೆ ಅಂದಿರಿ. ಪ್ರತಿ ಖಾನೆಗೂ ಲೇಬಲ್ ಇರಲಿ, ಖಾನೆಯೊಳಗೆ ಮಸುಕಾಗಿ ಕಾಣುವ ಪ್ಲೇಸ್‌ಹೋಲ್ಡರ್ ಅನ್ನೇ ಲೇಬಲ್ ಮಾಡಬೇಡಿ, ಯಾಕಂದರೆ ಒಂದಕ್ಷರ ಬರೆದ ಕೂಡಲೇ ಅದು ಮಾಯವಾಗುತ್ತದೆ, ಬರೆಯುವವರಿಗೆ ಯಾವ ಖಾನೆಯಲ್ಲಿದ್ದೇನೆ ಅಂತ ಮರೆತುಹೋಗುತ್ತದೆ. ಇಮೇಲ್ ಖಾನೆಗೆ ಟೈಪ್ ಇಮೇಲ್ ಕೊಟ್ಟರೆ ಫೋನಿನ ಕೀಬೋರ್ಡ್‌ನಲ್ಲಿ ಆ್ಯಟ್ ಚಿಹ್ನೆ ಎದುರಿಗೇ ಬರುತ್ತದೆ. ಖಾನೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ಸಫಾರಿಯಲ್ಲಿ ಮುಟ್ಟಿದ ತಕ್ಷಣ ಪುಟವೇ ಹಿಗ್ಗಿಬಿಡುತ್ತದೆ. ಅದನ್ನು ತಡೆಯಲು ಜೂಮ್ ಬಂದ್ ಮಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಅಕ್ಷರ ದೊಡ್ಡದು ಮಾಡಿ.

ಬಣ್ಣದ ವಿಚಾರಕ್ಕೆ ನಿಯಮ ಸ್ಪಷ್ಟವಿದೆ. ಡಬ್ಲ್ಯೂಸಿಎಜಿ ಅನ್ನುವ ಆಕ್ಸೆಸಿಬಿಲಿಟಿ ಮಾರ್ಗಸೂಚಿಯ ಎಎ ಮಟ್ಟದ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ವೆಬ್‌ಏಮ್ ಸಂಸ್ಥೆಯವರ ಕಾಂಟ್ರಾಸ್ಟ್ ಚೆಕರ್‌ನಲ್ಲಿ ಎರಡೂ ಬಣ್ಣ ಹಾಕಿದರೆ ತಕ್ಷಣ ಹೇಳುತ್ತದೆ. ಅವರು ವರ್ಷಕ್ಕೊಮ್ಮೆ ಹತ್ತು ಲಕ್ಷ ಮುಖಪುಟಗಳನ್ನು ಪರೀಕ್ಷಿಸುತ್ತಾರೆ. ಅದರಲ್ಲಿ ಜಾಸ್ತಿ ಕಾಣಿಸುವ ದೋಷ ಈ ಮಸುಕು ಅಕ್ಷರದ್ದೇ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2 ಆವೃತ್ತಿಯಲ್ಲಿ ಇನ್ನೊಂದು ಸೇರಿತು, ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು ಅಂತ, ಕೆಲವು ವಿನಾಯಿತಿಗಳೂ ಇವೆ. ನಡುಗುವ ಬೆರಳಿಗೆ ಅದೂ ಸಣ್ಣದೇ, ಆದಷ್ಟು ದೊಡ್ಡದಿಡಿ.

ಕನ್ನಡದ ಪುಟ ಮಾಡುವುದಾದರೆ ಒಂದು ಮಾತು. ಇಂಗ್ಲಿಷ್ ಡಿಸೈನ್‌ನಲ್ಲಿ ತಲೆಬರಹಕ್ಕೆ 1.1ರ ಲೈನ್-ಹೈಟ್ (ಸಾಲಿನ ಎತ್ತರ) ಇಟ್ಟು, ಹೊರಗೆ ಹೋದದ್ದನ್ನು ಮುಚ್ಚಲು ಓವರ್‌ಫ್ಲೋ ಹಿಡನ್ ಹಾಕಿರುತ್ತಾರೆ. ಅದನ್ನೇ ಎತ್ತಿಕೊಂಡರೆ ನಮ್ಮ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. 1.5ರ ಸುತ್ತಮುತ್ತ ಇಟ್ಟು ಕಣ್ಣಲ್ಲೇ ನೋಡಿ ಸರಿಮಾಡಿ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆ ಯಾವುದು ಅಂತ ಬರೆಯುವುದನ್ನು ಮರೆಯಬೇಡಿ, ಸ್ಕ್ರೀನ್ ರೀಡರ್ ಯಾವ ಭಾಷೆಯ ದನಿಯಲ್ಲಿ ಓದಬೇಕು ಅನ್ನುವುದು ಅದರಿಂದಲೇ ತಿಳಿಯುವುದು.

ಹಗುರಪುಟ:

ವೇಗದ ಬಗ್ಗೆ ನಾನು ಹೇಳುತ್ತೇನೆ, ದಿನಾ ಮಾಡುವ ಕೆಲಸ ಇದೇ.

ಗೂಗಲ್‌ನವರ ಕೋರ್ ವೆಬ್ ವೈಟಲ್ಸ್ ಅಂತ ಮೂರು ಅಳತೆ ಇವೆ. ಪುಟದ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಇದು ಎಲ್‌ಸಿಪಿ. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪರದೆ ಸ್ಪಂದಿಸಬೇಕು, ಇದು ಐಎನ್‌ಪಿ, 2024ರ ಮಾರ್ಚ್‌ನಲ್ಲಿ ಹಳೆಯ ಎಫ್‌ಐಡಿ ಅಳತೆಯ ಜಾಗಕ್ಕೆ ಬಂತು. ಓದುವಾಗ ಪುಟ ಜಿಗಿಯಬಾರದು, ಅದು ಸಿಎಲ್‌ಎಸ್, 0.1 ದಾಟಬಾರದು. ಭೇಟಿಗಳಲ್ಲಿ ನೂರಕ್ಕೆ 75ರಷ್ಟಾದರೂ ಈ ಮಿತಿಯೊಳಗೆ ಇರಬೇಕು ಅನ್ನುವುದು ಲೆಕ್ಕ.

ಫೋಟೋ ಇರುವ ಸೈಟ್ ಅಂದಿರಲ್ಲ, ಹಾಗಾದರೆ ನಿಮ್ಮ ಹೋರಾಟ ಎಲ್‌ಸಿಪಿ ಜೊತೆಗೆ. ಲೇಜಿ ಲೋಡಿಂಗ್ (ಬೇಕಾದಾಗ ಮಾತ್ರ ಚಿತ್ರ ತರುವುದು) ಒಳ್ಳೆಯದು ಅಂತ ಎಲ್ಲರೂ ಹೇಳುವುದನ್ನು ಕೇಳಿ ಎಲ್ಲ ಚಿತ್ರಕ್ಕೂ ಅದನ್ನೇ ಹಾಕಿಬಿಡುತ್ತಾರೆ, ಪುಟದ ಮೇಲ್ಭಾಗದಲ್ಲಿರುವ ದೊಡ್ಡ ಚಿತ್ರಕ್ಕೂ. ಬ್ರೌಸರ್‌ನ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಪಟ್ಟಿ ತೆರೆದು ನೋಡಿ. ಸಿಎಸ್‌ಎಸ್, ಫಾಂಟ್, ಸ್ಕ್ರಿಪ್ಟ್ ಎಲ್ಲ ಶುರುವಾದ ಮೇಲೆ, ಎಲ್ಲೋ ಕೆಳಗೆ ಆ ಚಿತ್ರದ ಸಾಲು ಶುರುವಾಗಿರುತ್ತದೆ. ಅದು ಪರದೆಯೊಳಗೆ ಬರುತ್ತದೋ ಇಲ್ಲವೋ ಅಂತ ತಿಳಿಯಲು ಬ್ರೌಸರ್ ಪುಟದ ಜೋಡಣೆ ಮುಗಿಯುವವರೆಗೆ ಕಾಯುತ್ತದೆ, ತಡ ಅದಕ್ಕೇ. ಮೊದಲು ಕಾಣುವ ಚಿತ್ರದಿಂದ ಲೇಜಿ ತೆಗೆಯಿರಿ, ಫೆಚ್‌ಪ್ರಯಾರಿಟಿ ಹೈ (ಇದನ್ನು ಮೊದಲು ತಾ) ಅಂತ ಹಾಕಿ, ಮತ್ತೆ ಲೋಡ್ ಮಾಡಿ. ಅದೇ ಸಾಲು ಸೀದಾ ಮೇಲಕ್ಕೆ ಬಂದು ಕೂರುತ್ತದೆ. ಕೆಳಗಿರುವ ಚಿತ್ರಗಳಿಗೆ ಮಾತ್ರ ಲೇಜಿ ಇರಲಿ.

ಎಲ್ಲ ಚಿತ್ರಕ್ಕೂ ಅಗಲ, ಎತ್ತರ ಎರಡನ್ನೂ ಟ್ಯಾಗ್‌ನಲ್ಲೇ ಬರೆಯಿರಿ, ಬ್ರೌಸರ್ ಅಷ್ಟು ಜಾಗ ಕಾಯ್ದಿಡುತ್ತದೆ, ಜಿಗಿತ ನಿಲ್ಲುತ್ತದೆ. ಫೋನಿಗೆ ಸಣ್ಣ ಚಿತ್ರ ಹೋಗಲು ಎಸ್‌ಆರ್‌ಸಿಸೆಟ್ ಬಳಸಿ. ಚಿತ್ರವನ್ನು ಹಗುರ ರೂಪಗಳಾದ ವೆಬ್‌ಪಿ ಅಥವಾ ಎವಿಐಎಫ್ ಮಾಡಲು ಸ್ಕ್ವೂಶ್ ಸಾಧನ ಇದೆ, ಬ್ರೌಸರ್‌ನಲ್ಲೇ ನಡೆಯುತ್ತದೆ. ಫಾಂಟ್ ವಾಫ್2 ರೂಪದಲ್ಲಿರಲಿ, ಒಂದೆರಡು ತೂಕಕ್ಕಿಂತ (ಅಕ್ಷರದ ದಪ್ಪ) ಜಾಸ್ತಿ ಬೇಡ.

ಕ್ರೋಮ್‌ನ ಲೈಟ್‌ಹೌಸ್ ಪರೀಕ್ಷೆಯಲ್ಲಿ ಅಂಕ 100 ಬಂತು ಅಂತ ಕೆಲಸ ಮುಗಿಸಬೇಡಿ. ಅದು ಒಂದು ಯಂತ್ರದಲ್ಲಿ ಒಂದು ಸಲ ನಡೆದ ಪರೀಕ್ಷೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೇಲುಗಡೆ ಕಾಣುವುದು ಕ್ರೋಮ್ ಬಳಸುವ ನಿಜವಾದ ಜನರಿಂದ ಕಳೆದ 28 ದಿನಗಳಲ್ಲಿ ಬಂದ ಅಳತೆ, ನೋಡಬೇಕಾದದ್ದು ಅದನ್ನು. ಓದುಗರು ಕಡಿಮೆ ಇದ್ದರೆ ಅದು ತೋರಿಸುವುದಿಲ್ಲ, ಆಗ ಯಾರದ್ದಾದರೂ ಹಳೆಯ ಫೋನ್ ಈಸ್ಕೊಂಡು ನೋಡುವುದೇ ದಾರಿ.

ಕೋಡ್‌ಕಟ್ಟು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮೇಲಿನ ಮೂವರೂ ಹೇಳಿದ್ದು ಸರಿ, ಆದರೆ ಟೈಲ್‌ವಿಂಡ್, ರಿಯಾಕ್ಟ್‌ನಂಥ ಫ್ರೇಮ್‌ವರ್ಕ್ ಬೇಡವೇ ಬೇಡ ಅನ್ನುವ ಅರ್ಥ ಬರಬಾರದು. ಹತ್ತು ಜನ ಕೂಡಿ ಒಂದೇ ಕೋಡ್ ಬರೆಯುವಾಗ ಟೈಲ್‌ವಿಂಡ್‌ನಿಂದ ನಿಜವಾದ ಲಾಭ ಇದೆ. ಅಂತರ, ಬಣ್ಣ, ಅಕ್ಷರದ ಅಳತೆ ಎಲ್ಲ ಒಂದೇ ಪಟ್ಟಿಯಿಂದ ಬರುತ್ತವೆ, ಕ್ಲಾಸ್‌ಗೆ ಏನು ಹೆಸರಿಡಬೇಕು ಅಂತ ಜಗಳ ಇರುವುದಿಲ್ಲ. ಆದರೆ ಅದರ ಪ್ರತಿ ಕ್ಲಾಸ್ ಹಿಂದೆ ಇರುವುದು ಒಂದು ಸಿಎಸ್‌ಎಸ್ ಗುಣ. ಫ್ಲೆಕ್ಸ್ ಗೊತ್ತಿಲ್ಲದವರಿಗೆ ಟೈಲ್‌ವಿಂಡ್‌ನ ಫ್ಲೆಕ್ಸೂ ಗೊತ್ತಾಗುವುದಿಲ್ಲ. ಸಿಎಸ್‌ಎಸ್ ಬೇಡ ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತದೆ.

ರಿಯಾಕ್ಟ್ ಕೂಡ ಅಷ್ಟೇ. ಪರದೆಯ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವ ವಿಷಯ ಜಾಸ್ತಿ ಇದ್ದರೆ ಅದು ಬೇಕು. ನಿಮ್ಮಂಥ ಓದುವ ಸೈಟ್‌ಗೆ ಆಸ್ಟ್ರೋ ಅಥವಾ ಇಲೆವೆಂಟಿ ನೋಡಿ. ಬರಹದಿಂದ ಸೀದಾ ಎಚ್‌ಟಿಎಂಎಲ್ ಮಾಡಿಕೊಡುತ್ತವೆ, ನೀವಾಗಿ ಸೇರಿಸದ ಹೊರತು ಓದುಗರಿಗೆ ಜಾವಾಸ್ಕ್ರಿಪ್ಟ್ ಕಳಿಸುವುದಿಲ್ಲ. ಕಲಿಯುವಾಗ ಪಾಠ ಯಾವ ವರ್ಷದ್ದು ಅಂತ ನೋಡಿಕೊಳ್ಳಿ. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನುವ ಹಳೆಯ ಸಾಧನದಿಂದ ಶುರು ಮಾಡಿ ಅನ್ನುವ ಪಾಠಗಳು ಈಗಲೂ ಹುಡುಕಾಟದಲ್ಲಿ ಮೇಲೆ ಬರುತ್ತವೆ, 2025ರ ಫೆಬ್ರುವರಿಯಲ್ಲಿ ರಿಯಾಕ್ಟ್‌ನವರೇ ಹೊಸ ಆ್ಯಪ್‌ಗೆ ಅದನ್ನು ಬಳಸಬೇಡಿ ಅಂದಿದ್ದಾರೆ. ಅದರ ಬದಲು ವೀಟ್‌ನಂಥ ಸಾಧನ ಹಿಡಿಯಿರಿ.

ಹೊಸಗೆರೆ:

ಇಷ್ಟು ಬಿಡಿಸಿ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾರಿ ಕಾಣಿಸಿತು. ಇನ್ನೆರಡು ಕೇಳಿಬಿಡುತ್ತೇನೆ. ಹೊಸ ಗುಣವೊಂದನ್ನು ಈಗ ಬಳಸಬಹುದಾ ಇಲ್ವಾ ಅಂತ ಹೇಗೆ ತೀರ್ಮಾನ ಮಾಡುತ್ತೀರಿ? ಮತ್ತೆ ಎಐ ಬರೆದುಕೊಟ್ಟ ಕೋಡ್ ಸರಿ ಇದೆಯಾ ಅಂತ ನನ್ನಂಥವರು ನೋಡುವುದು ಹೇಗೆ?

ಮೂಲಾಕ್ಷರ:

ಮೊದಲನೆಯದಕ್ಕೆ ಬೇಸ್‌ಲೈನ್ ಗುರುತು ನೋಡಿ. ಎಂಡಿಎನ್ ಪುಟದ ತಲೆಯಲ್ಲೇ ಇರುತ್ತದೆ, ಕ್ಯಾನ್ ಐ ಯೂಸ್ ಸೈಟ್‌ನಲ್ಲೂ ಇದೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲದಕ್ಕೂ ಬಂದ ಕೂಡಲೇ ಅದು "ಹೊಸದಾಗಿ ಲಭ್ಯ", ಅಲ್ಲಿಂದ 30 ತಿಂಗಳು ಕಳೆದರೆ "ವ್ಯಾಪಕವಾಗಿ ಲಭ್ಯ". ಎರಡನೆಯದಾದರೆ ಯೋಚನೆ ಮಾಡದೆ ಬಳಸಿ. ಮೊದಲನೆಯದಾದರೆ, ಅದು ಇಲ್ಲದಿದ್ದರೂ ಪುಟ ಓದಲು ಬರುತ್ತದಾ ಅಂತ ಕೇಳಿಕೊಳ್ಳಿ. ಪುಟ ಬದಲಾಗುವಾಗ ಒಂದು ಅಂದದ ಚಲನೆ ಕಾಣದೇ ಹೋದರೆ ಯಾರಿಗೂ ನಷ್ಟ ಇಲ್ಲ, ಫಾರ್ಮ್ ಕಳಿಸುವ ಬಟನ್ ಕಾಣದೇ ಹೋದರೆ ಕೆಲಸ ಕೆಟ್ಟಿತು. ಅನುಮಾನ ಇದ್ದರೆ ಸಿಎಸ್‌ಎಸ್‌ನ @supports ಒಳಗೆ ಹಾಕಿ, ಗೊತ್ತಿಲ್ಲದ ಬ್ರೌಸರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಬೆಳಕಿಂಡಿ:

ಎರಡನೆಯದಕ್ಕೆ ನಾನು ಹೇಳುತ್ತೇನೆ. ಎಐ ಕೊಟ್ಟದ್ದು ನೋಡಲು ಚೆನ್ನಾಗೇ ಇರುತ್ತದೆ, ಒಳಗೆ ಡಿವ್ ಮೇಲೆ ಡಿವ್ ಇರುವುದು ನಾನು ಬಹಳ ಸಲ ನೋಡಿದ್ದೇನೆ. ಯಾರೇ ಬರೆದಿದ್ದರೂ ನಾನು ಒಂದೇ ರೀತಿ ನೋಡುವುದು. ಎಚ್‌ಟಿಎಂಎಲ್ ತಪ್ಪು ಹುಡುಕುವ ಡಬ್ಲ್ಯೂ3ಸಿ ವ್ಯಾಲಿಡೇಟರ್‌ಗೆ ಹಾಕುತ್ತೇನೆ. ಸಿಎಸ್‌ಎಸ್ ತೆಗೆದು, ಬರೀ ಎಚ್‌ಟಿಎಂಎಲ್ ಮೇಲಿಂದ ಕೆಳಗೆ ಓದಿದರೆ ಅರ್ಥವಾಗುತ್ತದಾ ನೋಡುತ್ತೇನೆ. ಬರೀ ಕೀಬೋರ್ಡ್‌ನಲ್ಲಿ ಫಾರ್ಮ್ ತುಂಬಿ ಕಳಿಸುತ್ತೇನೆ, ಪ್ರತಿ ಹೆಜ್ಜೆಯಲ್ಲೂ ಫೋಕಸ್‌ನ ಗೆರೆ ಕಣ್ಣಿಗೆ ಕಾಣಬೇಕು, ಆ ಗೆರೆ ತೆಗೆಯುವ outline: none ಅಂತ ಎಲ್ಲಾದರೂ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಕಿಟಕಿಯನ್ನು 320 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ಅಡ್ಡಕ್ಕೆ ಸರಿಸುವ ಪಟ್ಟಿ ಬಂತಾ ಅಂತ ನೋಡಿ. ಕೊನೆಗೆ ಬ್ರೌಸರ್ ಸೆಟ್ಟಿಂಗ್‌ನಲ್ಲಿ ಅಕ್ಷರದ ಅಳತೆ ದೊಡ್ಡದು ಮಾಡಿ. ಅಕ್ಷರಗಳಿಗೆ ಪಿಕ್ಸೆಲ್ ಲೆಕ್ಕ ಕೊಟ್ಟಿದ್ದರೆ ಒಂದೂ ಅಲುಗುವುದಿಲ್ಲ, ರೆಮ್ ಇದ್ದರೆ ಎಲ್ಲವೂ ಹಿಗ್ಗುತ್ತವೆ.

ನಿಮ್ಮ ಫಾರ್ಮ್ ಪುಟ ಒಂದು ಹಂತಕ್ಕೆ ಬಂದಾಗ ಇಲ್ಲೇ ಹಾಕಿ, ಸ್ಕ್ರೀನ್ ರೀಡರ್‌ನಲ್ಲಿ ಕೇಳಿ ಹೇಳುತ್ತೇನೆ.